ಕೇಳದೆ ಬಂದ 100 ಕೋಟಿ ಡಾಲರ್: ಐನ್‌ಸ್ಟೈನ್ ಮೆಡಿಕಲ್ ಕಾಲೇಜಿನ ಪ್ರಕರಣ

ಗಂಡ ತೀರಿಕೊಂಡರು, ಹೆಂಡತಿಗೆ ಷೇರು ಬಂತು, ಅವರು ಅದನ್ನು ಒಂದು ಮೆಡಿಕಲ್ ಕಾಲೇಜಿಗೆ ಕೊಟ್ಟುಬಿಟ್ಟರು. 2024ರ ಫೆಬ್ರವರಿ 26ರಂದು ಹೊರಬಿದ್ದ ಸುದ್ದಿಯನ್ನು ಓದಿದ ಹೆಚ್ಚಿನವರಿಗೆ ನೆನಪಿರುವುದು ಇಷ್ಟೇ. ಕಾಲೇಜು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜ್ ಆಫ್ ಮೆಡಿಸಿನ್. ಮೊತ್ತ 100 ಕೋಟಿ ಡಾಲರ್. ಕೊಟ್ಟವರು ಅದೇ ಕಾಲೇಜಿನ ನಿವೃತ್ತ ಪ್ರಾಧ್ಯಾಪಕಿ, 93 ವರ್ಷದ ಡಾ. ರೂತ್ ಗಾಟ್ಸ್‌ಮನ್. ಆ ವರ್ಷದ ಆಗಸ್ಟ್‌ನಿಂದ ಯಾವ ವಿದ್ಯಾರ್ಥಿಯೂ ಟ್ಯೂಷನ್ ಫೀಸು ಕಟ್ಟಬೇಕಿಲ್ಲ ಎಂದು ಅವರೇ ವಿದ್ಯಾರ್ಥಿಗಳ ಎದುರು ನಿಂತು ಹೇಳಿದರು. ಹುಡುಗ ಹುಡುಗಿಯರು ಕುರ್ಚಿಯಿಂದ ಹಾರಿ ಎದ್ದು ಅತ್ತು ಕುಣಿದ ವೀಡಿಯೋ ಜಗತ್ತನ್ನೆಲ್ಲ ಸುತ್ತಿತು.

ದೂರದಿಂದ ನೋಡಿದರೆ ಲಾಟರಿ ಹೊಡೆದ ಹಾಗೆ ಕಾಣುತ್ತದೆ. ದೇಣಿಗೆ ತರುವ ಕೆಲಸದಲ್ಲಿರುವವರೂ 'ಅದೃಷ್ಟ ಬಿಡಿ, ನಮಗೆಲ್ಲಿ ಬರಬೇಕು' ಎಂದು ಪಕ್ಕಕ್ಕೆ ಸರಿಸಿಬಿಡಬಹುದು. ಹಾಗೆ ಸರಿಸಿದರೆ ನಷ್ಟ ಅವರಿಗೇ. ಈ ಪ್ರಕರಣದಲ್ಲಿ 'ಇಷ್ಟು ಕೊಡಿ' ಎಂದು ಯಾರೂ ಕೇಳಲಿಲ್ಲ, ನಿಜ. ಆದರೆ ಕಾಲೇಜನ್ನು ನಡೆಸುವ ಆಸ್ಪತ್ರೆ ಸಮೂಹದ ಮುಖ್ಯಸ್ಥರು ಆಕೆಯ ಹತ್ತಿರ ಬೇರೆ ಏನನ್ನೋ ಕೇಳಿದ್ದರು. ಬಂದು ನಮ್ಮ ಜೊತೆ ಕೆಲಸ ಮಾಡಿ ಎಂದು ಕೇಳಿದ್ದರು. ನನಗೆ ಇಡೀ ಪ್ರಕರಣದ ಗಂಟು ಕಾಣುವುದು ಅಲ್ಲಿ.

ಕಾಲೇಜಿನ ಸ್ಥಿತಿ

ಐನ್‌ಸ್ಟೈನ್ ಕಾಲೇಜು ಶುರುವಾಗಿದ್ದು 1955ರಲ್ಲಿ, ಯೆಶಿವಾ ವಿಶ್ವವಿದ್ಯಾಲಯದ ಭಾಗವಾಗಿ. ವಿಜ್ಞಾನಿ ಐನ್‌ಸ್ಟೈನ್ ಬದುಕಿದ್ದಾಗಲೇ ತಮ್ಮ ಹೆಸರು ಇಡಲು ಒಪ್ಪಿಗೆ ಕೊಟ್ಟಿದ್ದರು. ಸಂಶೋಧನೆಯಲ್ಲಿ ಹೆಸರು ಮಾಡಿದ ಕಾಲೇಜು, ಆದರೆ ದುಡ್ಡಿನ ವಿಷಯದಲ್ಲಿ ಯಾವತ್ತೂ ನೆಮ್ಮದಿ ಇರಲಿಲ್ಲ. ಯೆಶಿವಾಗೆ ಇದರ ನಷ್ಟ ಹೊರುವುದು ಕಷ್ಟವಾಯಿತು. ಕೊನೆಗೆ 2015ರಲ್ಲಿ ಕಾಲೇಜಿನ ಆಡಳಿತ ಮತ್ತು ಹಣಕಾಸು ಎರಡೂ ಮಾಂಟೆಫಿಯೋರ್ ಎಂಬ ಆಸ್ಪತ್ರೆ ಸಮೂಹದ ಕೈಗೆ ಹೋದವು. ಮಾಂಟೆಫಿಯೋರ್ ಕೂಡ ಶ್ರೀಮಂತರ ಆಸ್ಪತ್ರೆಯಲ್ಲ. ಬ್ರಾಂಕ್ಸ್ ಎಂದರೆ ನ್ಯೂಯಾರ್ಕ್ ನಗರದ ಐದು ಭಾಗಗಳಲ್ಲಿ ಅತಿ ಬಡ ಭಾಗ. ರಾಜ್ಯದ 62 ಕೌಂಟಿಗಳ, ಅಂದರೆ ಜಿಲ್ಲೆಗಳ, ಆರೋಗ್ಯದ ಪಟ್ಟಿಯಲ್ಲಿ ಅದು ಹಲವು ವರ್ಷ ಕೊನೆಯಲ್ಲೇ ಇತ್ತು.

ಫೀಸು ಮಾತ್ರ ಬಡವರದ್ದಾಗಿರಲಿಲ್ಲ. ವರ್ಷಕ್ಕೆ 59,000 ಡಾಲರ್‌ಗೂ ಜಾಸ್ತಿ, ಅದೂ ಬರೀ ಟ್ಯೂಷನ್. ಓದು ಮುಗಿಸಿ ಹೊರಬರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ತಲೆ ಮೇಲೆ 2 ಲಕ್ಷ ಡಾಲರ್‌ಗಿಂತ ಹೆಚ್ಚು ಸಾಲ ಇರುತ್ತಿತ್ತು. ನಗರದ ಉಳಿದ ಬಹುತೇಕ ಮೆಡಿಕಲ್ ಕಾಲೇಜುಗಳಲ್ಲಿ ಅಷ್ಟು ಸಾಲ ಹೊತ್ತವರು ಕಾಲು ಭಾಗಕ್ಕಿಂತ ಕಡಿಮೆ. ಹಾಗಾಗಿ ಫೀಸಿನ ಸಮಸ್ಯೆ ಇಲ್ಲಿ ಪ್ರಚಾರದ ಪುಸ್ತಿಕೆಗೆ ಹುಡುಕಿ ತಂದ ಸಮಸ್ಯೆಯಲ್ಲ. ಕಾಲೇಜಿನ ಒಳಗೆ ಓಡಾಡುವ ಯಾರ ಕಣ್ಣಿಗೂ ಬೀಳುವಂಥದ್ದು.

ದಾನಿ

ರೂತ್ ಗಾಟ್ಸ್‌ಮನ್ ಈ ಕಾಲೇಜಿಗೆ ಬಂದಿದ್ದು 1968ರಲ್ಲಿ, ಕೆಲಸಕ್ಕೆ. ಮಕ್ಕಳ ತಪಾಸಣೆ ಮತ್ತು ಪುನರ್ವಸತಿ ಕೇಂದ್ರದಲ್ಲಿ ಅವರ ಹುದ್ದೆ. ಓದಲು ಬರೆಯಲು ತೊಡಕಿರುವ ಮಕ್ಕಳನ್ನು 'ದಡ್ಡರು' ಎಂದು ಹಿಂದಿನ ಬೆಂಚಿಗೆ ತಳ್ಳುತ್ತಿದ್ದ ಕಾಲ ಅದು. ಆ ತೊಡಕನ್ನು ಮೊದಲೇ ಗುರುತಿಸುವ ಪರೀಕ್ಷೆಗಳನ್ನು ಅವರು ರೂಪಿಸಿದರು. 1992ರಲ್ಲಿ ಓದಲು ಬಾರದ ದೊಡ್ಡವರಿಗಾಗಿ ಒಂದು ಕಾರ್ಯಕ್ರಮ ಶುರುಮಾಡಿದರು. 1998ರಲ್ಲಿ ಕಲಿಕೆಯ ತೊಂದರೆಗಳಿಗೆಂದೇ ಆರಂಭವಾದ ಕೇಂದ್ರದ ಮೊದಲ ನಿರ್ದೇಶಕಿಯಾದರು. 2002ರಲ್ಲಿ ಟ್ರಸ್ಟಿ ಮಂಡಳಿಗೆ ಬಂದರು, 2007ರಿಂದ 2014ರವರೆಗೆ ಅದರ ಅಧ್ಯಕ್ಷೆಯಾಗಿದ್ದರು.

ಇನ್ನೊಂದು ವಿಷಯವನ್ನು ನಾನು ಈ ಪಟ್ಟಿಯ ಹುದ್ದೆಗಳಿಗಿಂತ ಮುಖ್ಯ ಎಂದುಕೊಳ್ಳುತ್ತೇನೆ. ಸೀಟು ಕೇಳಿ ಬಂದ ಹತ್ತಾರು ಅಭ್ಯರ್ಥಿಗಳನ್ನು ಆಕೆ ವರ್ಷಗಳುದ್ದಕ್ಕೂ ಖುದ್ದಾಗಿ ಸಂದರ್ಶನ ಮಾಡಿದ್ದರು. ಎದುರಿಗೆ ಕೂತ ಹುಡುಗಿಗೆ ಡಾಕ್ಟರ್ ಆಗುವ ಆಸೆ ಎಷ್ಟಿದೆ, ಆ ಆಸೆಗೆ ಅವಳು ಕಟ್ಟಬೇಕಾದ ಬೆಲೆ ಎಷ್ಟು ಎಂದು ಹತ್ತಿರದಿಂದ ಕಂಡವರು. ಹೀಗಿರುವವರಿಗೆ ವಿದ್ಯಾರ್ಥಿ ಸಾಲದ ಬಗ್ಗೆ ಸ್ಲೈಡ್ ತೋರಿಸಿ ಅರ್ಥ ಮಾಡಿಸಬೇಕಾಗಿಲ್ಲ, ಅಲ್ವಾ?

ದುಡ್ಡು ಬಂದ ದಾರಿ ಬೇರೆ. ಅವರ ಪತಿ ಡೇವಿಡ್ ಗಾಟ್ಸ್‌ಮನ್ 1964ರಲ್ಲಿ ಫಸ್ಟ್ ಮ್ಯಾನ್‌ಹ್ಯಾಟನ್ ಎಂಬ ಹೂಡಿಕೆ ಸಂಸ್ಥೆ ಕಟ್ಟಿದವರು, ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಅವರ ಹಳೆಯ ಗೆಳೆಯ. 1966ರಲ್ಲಿ ಬಫೆಟ್, ಅವರ ಜೊತೆಗಾರ ಚಾರ್ಲಿ ಮಂಗರ್ ಮತ್ತು ಇವರು ಮೂವರೂ ಸೇರಿ ಬಾಲ್ಟಿಮೋರ್‌ನ ಒಂದು ದೊಡ್ಡ ಅಂಗಡಿಯನ್ನು ಕೊಂಡಿದ್ದರು. ಆ ವ್ಯಾಪಾರ ಕೈಹಿಡಿಯಲಿಲ್ಲ, ಆದರೆ ಗೆಳೆತನ ಉಳಿಯಿತು. ಬಫೆಟ್ ಕಟ್ಟಿ ಬೆಳೆಸಿದ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಷೇರನ್ನು ಶುರುವಿನಲ್ಲೇ ಕೊಂಡು, ಮಾರದೆ ಇಟ್ಟುಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ 96ನೇ ವಯಸ್ಸಿಗೆ ತೀರಿಕೊಂಡಾಗ ಆ ಷೇರುಗಳ ದೊಡ್ಡ ಗಂಟನ್ನು ಹೆಂಡತಿಗೆ ಬಿಟ್ಟುಹೋಗಿದ್ದರು. ಷರತ್ತು ಏನೂ ಇಲ್ಲ. ನಿನಗೆ ಸರಿ ಎನಿಸಿದ್ದನ್ನು ಮಾಡು, ಅಷ್ಟೇ.

ಈ ಜೋಡಿ ಕಾಲೇಜಿಗೆ ಮೊದಲ ಸಲ ಕೊಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 2008ರಲ್ಲೇ 2.5 ಕೋಟಿ ಡಾಲರ್ ಕೊಟ್ಟಿದ್ದರು. ಕಾಂಡಕೋಶ ಸಂಶೋಧನೆಯ ಸಂಸ್ಥೆಗೆ ಇಬ್ಬರ ಹೆಸರೂ ಇದೆ. ದೊಡ್ಡ ದೇಣಿಗೆ ಮೊದಲ ದೇಣಿಗೆಯಾಗಿ ಬರುವುದು ಬಹಳ ಅಪರೂಪ. ಸಣ್ಣದು ಕೊಟ್ಟು, ಅದು ಏನಾಯಿತು ಎಂದು ನೋಡಿ, ಆಮೇಲೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಇಲ್ಲಿ 'ಸಣ್ಣದು' ಎನ್ನುವುದು 2.5 ಕೋಟಿ ಡಾಲರ್, ಅದು ಬೇರೆ ಮಾತು.

ಮುಖ್ಯಸ್ಥ

ಡಾ. ಫಿಲಿಪ್ ಒಜುವಾ ನೈಜೀರಿಯಾದಲ್ಲಿ ಹುಟ್ಟಿದವರು, ಮಕ್ಕಳ ವೈದ್ಯ. ಪರಿಚಯದವರು ಒಬ್ಬರೂ ಇಲ್ಲದ ನ್ಯೂಯಾರ್ಕಿಗೆ ಬಂದು, ಸೌತ್ ಬ್ರಾಂಕ್ಸ್‌ನಲ್ಲಿ ವರ್ಷಗಟ್ಟಲೆ ಜನರ ನಡುವೆ ಕೆಲಸ ಮಾಡಿ ಮೇಲೆ ಬಂದವರು. 2019ರ ಕೊನೆಗೆ ಮಾಂಟೆಫಿಯೋರ್‌ನ ಮುಖ್ಯಸ್ಥರಾದರು. ಗಾಟ್ಸ್‌ಮನ್ ಅವರೂ ಅದೇ ಸಂಸ್ಥೆಯಲ್ಲಿ ದಶಕಗಳಿಂದ ಇದ್ದರೂ ಇಬ್ಬರಿಗೂ ಒಡನಾಟ ಇದ್ದಿದ್ದು ಅಷ್ಟಕ್ಕಷ್ಟೇ.

2020ರ ಆರಂಭದಲ್ಲಿ ಫ್ಲಾರಿಡಾಗೆ ಹೋಗುವ ಬೆಳಗಿನ ಆರು ಗಂಟೆಯ ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಮೊದಲ ಸಲ ಗಂಟೆಗಟ್ಟಲೆ ಮಾತಾಡಿದ್ದು ಅಲ್ಲೇ. ಆಕೆಯ ಬಾಲ್ಟಿಮೋರ್ ಬಾಲ್ಯ, ಈತನ ನೈಜೀರಿಯಾದ ಬಾಲ್ಯ. ಇಬ್ಬರದೂ ಶಿಕ್ಷಣದಲ್ಲಿ ಡಾಕ್ಟರೇಟ್. ಇಬ್ಬರೂ ವೃತ್ತಿಜೀವನ ಕಳೆದದ್ದು ಬ್ರಾಂಕ್ಸ್‌ನ ಮಕ್ಕಳ ನಡುವೆ. ದೇಣಿಗೆ ವಿಭಾಗದ ಭಾಷೆಯಲ್ಲಿ ಇಂಥ ಭೇಟಿಗೆ ಒಂದು ಕಾಲಂ ಇರುತ್ತದೆ, ಮಾತಿನ ಕೊನೆಗೆ 'ಮುಂದಿನ ಹೆಜ್ಜೆ' ಎಂದು ಬರೆಯಬೇಕಾಗುತ್ತದೆ. ಮಂಡಳಿಯ ಮಾಜಿ ಅಧ್ಯಕ್ಷೆ, ಗಂಡ ಬಿಲಿಯಾಧಿಪತಿ, ಸೀಟ್ ಬೆಲ್ಟ್ ಹಾಕಿ ಕೂತಿದ್ದಾರೆ. ಎಷ್ಟೋ ಹೊಸ ಮುಖ್ಯಸ್ಥರು ಆ ಹೊತ್ತಿಗೆ ಕಟ್ಟಡದ ನಕ್ಷೆ ಬಿಚ್ಚಿಬಿಡುತ್ತಿದ್ದರು. ಇವರಿಬ್ಬರೂ ಈ ಪ್ರಯಾಣದ ಬಗ್ಗೆ ಹೇಳಿಕೊಂಡಿರುವುದರಲ್ಲಿ ಬರುವುದು ಬಾಲ್ಯ ಮತ್ತು ಕೆಲಸದ ಮಾತು.

ಕೆಲವೇ ವಾರಗಳಲ್ಲಿ ಕೋವಿಡ್ ಬಂತು. ಗಾಟ್ಸ್‌ಮನ್ ದಂಪತಿ ಇಬ್ಬರಿಗೂ ಸೋಂಕು ತಗುಲಿತು. ಆಕೆಗೆ ಸೌಮ್ಯ, ಆತನಿಗೆ ಜೋರು. ರೈ ಎಂಬ ಪಟ್ಟಣದಲ್ಲಿದ್ದ ಅವರ ಮನೆಗೆ ಒಜುವಾ ಆಂಬುಲೆನ್ಸ್ ಕಳಿಸಿ ಮಾಂಟೆಫಿಯೋರ್‌ಗೆ ಕರೆತಂದರು. ಆಮೇಲೆ ಸುಮಾರು ಮೂರು ವಾರ, ದಿನಾ ಎನ್ನುವಷ್ಟು, ಪೂರ್ತಿ ರಕ್ಷಣಾ ಉಡುಪು ತೊಟ್ಟು ಮನೆಗೇ ಹೋಗಿ ನೋಡಿಕೊಂಡು ಬಂದರು. ಸ್ನೇಹ ಬೆಳೆದದ್ದು ಹೀಗೆ ಎಂದು ಅವರೇ ಹೇಳಿದ್ದಾರೆ.

ಆಮೇಲಿನ ಹೆಜ್ಜೆಯೇ ನಾನು ಶುರುವಿಗೆ ಹೇಳಿದ್ದು. ಮಂಡಳಿಯ ಅಧ್ಯಕ್ಷತೆಯನ್ನು ಮತ್ತೆ ವಹಿಸಿಕೊಳ್ಳಿ ಎಂದು ಒಜುವಾ ಆಕೆಯನ್ನು ಕೇಳಿದರು. ಆಗ ಆಕೆಗೆ 90ರ ಆಸುಪಾಸು. ಈ ವಯಸ್ಸಿನಲ್ಲಿ ತನ್ನನ್ನು ಕೆಲಸಕ್ಕೆ ಕರೆಯುತ್ತಾರೆ ಎಂದು ಆಕೆಗೇ ಅಚ್ಚರಿ. ಸಿಂಹಕ್ಕೆ ಇಲಿ 'ಮುಂದೊಂದು ದಿನ ನಿನಗೆ ಉಪಕಾರಕ್ಕೆ ಬಂದೇನು' ಎಂದು ಹೇಳುವ ಕಥೆ ನೆನಪಾಯಿತಂತೆ, ಅದನ್ನು ಒಜುವಾ ಅವರಿಗೂ ಹೇಳಿದರಂತೆ. ಕಥೆಯ ಸಿಂಹ ನಕ್ಕಿತ್ತು, ಈತ ನಗಲಿಲ್ಲ ಎಂಬುದು ಆಕೆಯ ಮಾತು.

ವಯಸ್ಸಾದ ಶ್ರೀಮಂತರನ್ನು ಸಂಸ್ಥೆಗಳು ನಡೆಸಿಕೊಳ್ಳುವ ರೀತಿ ಎಲ್ಲರಿಗೂ ಗೊತ್ತು. ಗೌರವ ಪದವಿ, ಊಟದ ಕೂಟದಲ್ಲಿ ಮುಂದಿನ ಸಾಲು, ಹುಟ್ಟುಹಬ್ಬಕ್ಕೆ ಹೂವು. ಕೆಲಸ ಮಾತ್ರ ಕೊಡುವುದಿಲ್ಲ. ಅಧ್ಯಕ್ಷೆಯಾದವರ ಮುಂದೆ ಬಜೆಟ್ ಬರುತ್ತದೆ, ಸಾಲದ ಅಂಕಿ ಬರುತ್ತದೆ, ಯಾವುದಕ್ಕೆ ಹಣ ಸಾಲುತ್ತಿಲ್ಲ ಎನ್ನುವುದು ಬರುತ್ತದೆ. ಸಂಸ್ಥೆಯನ್ನು ಒಳಗಿನಿಂದ ಬಲ್ಲ ದಾನಿ ಎಂದರೆ ಇದೇ. ಗಂಡ ತೀರಿಕೊಂಡು ಷೇರು ಕೈಗೆ ಬರುವ ಹೊತ್ತಿಗೆ ಆಕೆ ಮೊದಲೇ ಈ ಕುರ್ಚಿಯಲ್ಲಿದ್ದರು. ಈ ಕ್ರಮ ತಿರುವುಮುರುವಾಗಿದ್ದರೆ, ಅಂದರೆ ಷೇರು ಬಂದ ಮೇಲೆ ಅಧ್ಯಕ್ಷತೆಗೆ ಕರೆದಿದ್ದರೆ, ಕರೆಯ ಅರ್ಥವೇ ಬೇರೆಯಾಗುತ್ತಿತ್ತು.

ಡಿಸೆಂಬರ್‌ನ ಪ್ರಶ್ನೆ

ಷೇರು ಕೈಗೆ ಬಂದ ಮೇಲೆ ಆಕೆ ತಕ್ಷಣ ಏನೂ ಮಾಡಲಿಲ್ಲ. ಮೊತ್ತ ಕಂಡು ಕಂಗಾಲಾಗಿದ್ದರು. ಬಹಳ ದಿನ ಕಾಯಬೇಡ ಎಂದು ಮಕ್ಕಳು ಒತ್ತಾಯಿಸಿದರು. ಒಮ್ಮೆ ಕೂತು ಯೋಚಿಸಿದಾಗ ಉತ್ತರ ಹೊಳೆದದ್ದು ಬೇಗ: ವಿದ್ಯಾರ್ಥಿಗಳ ಫೀಸು.

2023ರ ಡಿಸೆಂಬರ್‌ನಲ್ಲಿ ಆಕೆ ಒಜುವಾ ಅವರನ್ನು ಒಂದು ಪ್ರಶ್ನೆ ಕೇಳಿದರು. ಕಾಲೇಜಿನ ಗತಿಯನ್ನೇ ಬದಲಿಸುವಂಥ ದೇಣಿಗೆ ಯಾರಾದರೂ ಕೊಟ್ಟರೆ ಏನು ಮಾಡುತ್ತೀರಿ? ಮೂರು ಕೆಲಸ ಮಾಡಬಹುದು ಎಂದರು ಅವರು. ಮೊದಲನೆಯದು, ಓದನ್ನು ಉಚಿತ ಮಾಡುವುದು. ಅವರ ಮಾತು ಮುಗಿಯುವ ಮೊದಲೇ ಆಕೆ, ನನಗೆ ಬೇಕಾದದ್ದು ಅದೇ ಎಂದುಬಿಟ್ಟರು. ಉಳಿದ ಎರಡನ್ನು ಒಜುವಾ ಬಾಯಿಬಿಡಲೇ ಇಲ್ಲ.

ಇದನ್ನು ಓದಿದವರು ಆಕೆಯ ಉತ್ತರಕ್ಕೆ ಬೆರಗಾಗುತ್ತಾರೆ. ನಾನು ಗಮನಿಸುವುದು ಆತನ ಉತ್ತರವನ್ನು. 'ನಮ್ಮ ತಂಡದ ಜೊತೆ ಕೂತು ಒಂದು ಪ್ರಸ್ತಾವನೆ ಕಳಿಸುತ್ತೇವೆ' ಎನ್ನಲಿಲ್ಲ. 'ನಿಮಗೆ ಎಷ್ಟು ಮೊತ್ತ ಮನಸ್ಸಿನಲ್ಲಿದೆ' ಎಂದೂ ಕೇಳಲಿಲ್ಲ. ಮೂರು ಐಡಿಯಾ ಬಾಯಲ್ಲೇ ಇದ್ದವು, ಮೊದಲನೆಯದೇ ಅಷ್ಟು ದೊಡ್ಡದು. ಎಷ್ಟೋ ಸಂಸ್ಥೆಗಳಲ್ಲಿ ದೊಡ್ಡ ದಾನಿ ಎದುರಿಗೆ ಬಂದಾಗ ಹೊರಬರುವುದು ಕಳೆದ ವರ್ಷ ಅರ್ಧಕ್ಕೆ ನಿಂತ ಕಟ್ಟಡ. ಯಾಕೆಂದರೆ ಅದಕ್ಕಿಂತ ದೊಡ್ಡದನ್ನು ಯಾರೂ ಯೋಚಿಸಿಯೇ ಇರುವುದಿಲ್ಲ. ಉತ್ತರ ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡದ್ದಕ್ಕೂ ಅಂಕ ಕೊಡಬೇಕು. ಒಪ್ಪಿದ ದಾನಿಯ ಮುಂದೆ ಇನ್ನೂ ಎರಡು ಆಯ್ಕೆ ಇಟ್ಟು ಗೊಂದಲ ಎಬ್ಬಿಸುವವರು ಕಡಿಮೆಯಿಲ್ಲ.

ಲೆಕ್ಕ ಕೂಡುತ್ತದೆಯೇ?

ಕೂಡುತ್ತದೆ. ಈ ದುಡ್ಡು ಒಮ್ಮೆ ಖರ್ಚಾಗಿ ಮುಗಿಯುವುದಲ್ಲ, ದತ್ತಿನಿಧಿಯಾಗಿ ನಿಲ್ಲುವುದು. ಅಮೆರಿಕದ ವಿಶ್ವವಿದ್ಯಾಲಯಗಳು ದತ್ತಿನಿಧಿಯಿಂದ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 4ರಿಂದ 5ರಷ್ಟು ತೆಗೆದು ಬಳಸುತ್ತವೆ, ಉಳಿದ ಬೆಳವಣಿಗೆಯನ್ನು ಬೆಲೆಯೇರಿಕೆಗೆಂದು ಬಿಡುತ್ತವೆ. 100 ಕೋಟಿಗೆ ಅದು 4ರಿಂದ 5 ಕೋಟಿ ಡಾಲರ್. ಡಾಕ್ಟರ್ ಓದುವವರು 700ಕ್ಕೂ ಹೆಚ್ಚು. ತಲಾ 59,000 ಎಂದು ಹಿಡಿದರೆ 4 ಕೋಟಿ ಡಾಲರ್ ದಾಟುತ್ತದೆ. ಅಂದರೆ 100 ಕೋಟಿ ಎನ್ನುವುದು ಕೇಳಲು ಚೆಂದ ಎಂದು ಇಟ್ಟ ಗುಂಡಂಕಿ ಮಾತ್ರ ಅಲ್ಲ. ಕೆಲಸಕ್ಕೆ ಬೇಕಾದಷ್ಟೇ ಇದೆ. 50 ಕೋಟಿ ಬಂದಿದ್ದರೆ 'ಉಚಿತ' ಎಂಬ ಮಾತೇ ಹುಟ್ಟುತ್ತಿರಲಿಲ್ಲ, ಇನ್ನೊಂದಿಷ್ಟು ವಿದ್ಯಾರ್ಥಿವೇತನ ಎನ್ನಬೇಕಾಗುತ್ತಿತ್ತು.

ಆದರೆ ಕೈಯಲ್ಲಿ ಉಳಿಕೆ ಜಾಸ್ತಿ ಇಲ್ಲ. ಮಾರುಕಟ್ಟೆ ಎರಡು ಮೂರು ವರ್ಷ ಸತತ ಬಿದ್ದರೆ ಕೊರತೆ ತುಂಬಬೇಕಾದದ್ದು ಕಾಲೇಜೇ. ಮೊದಲಾದರೆ ಫೀಸು ಏರಿಸಬಹುದಿತ್ತು. ಈಗ ಆ ದಾರಿ ಮುಚ್ಚಿದೆ.

ಹೆಸರಿನ ಷರತ್ತು

ಆಕೆ ಇಟ್ಟ ಷರತ್ತು ವಿಚಿತ್ರವಾದದ್ದು: ಕಾಲೇಜಿನ ಹೆಸರು ಬದಲಾಗಬಾರದು. ನಮ್ಮ ಹತ್ತಿರ ಐನ್‌ಸ್ಟೈನ್ ಹೆಸರೇ ಇರುವಾಗ ಅದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಎನ್ನುವುದು ಆಕೆಯ ವಾದ. ತಾನು ಕೊಟ್ಟದ್ದು ಎಂದು ಹೇಳಿಕೊಳ್ಳಲೂ ಮೊದಲು ಮನಸ್ಸಿರಲಿಲ್ಲ, ಯಾರಿಗೂ ಗೊತ್ತಾಗುವುದು ಬೇಡ ಎಂದಿದ್ದರು. ಬೇರೆಯವರಿಗೆ ಪ್ರೇರಣೆಯಾಗುತ್ತದೆ ಎಂದು ಒಪ್ಪಿಸಿದ್ದು ಒಜುವಾ.

ಮಾರುಕಟ್ಟೆಯ ದರ ನೋಡಿದರೆ ಇದು ಎಷ್ಟು ಅಪರೂಪ ಎಂದು ಗೊತ್ತಾಗುತ್ತದೆ. 2002ರಲ್ಲಿ ಸಂಗೀತ, ಸಿನಿಮಾ ಉದ್ಯಮಿ ಡೇವಿಡ್ ಗೆಫೆನ್ 20 ಕೋಟಿ ಡಾಲರ್ ಕೊಟ್ಟಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಮೆಡಿಕಲ್ ಕಾಲೇಜಿಗೆ ಅವರ ಹೆಸರು ಬಂತು. ಇಲ್ಲಿ ಬಂದದ್ದು ಅದರ ಐದು ಪಟ್ಟು, ಬೋರ್ಡಿನಲ್ಲಿ ಒಂದಕ್ಷರ ಬದಲಾಗಲಿಲ್ಲ. ಹೆಸರು ಕೊಡುವುದರ ಇನ್ನೊಂದು ಮುಖವೂ ಇದೆ. ಒಪಿಯಾಯ್ಡ್ ಎಂಬ ಚಟ ಹಿಡಿಸುವ ನೋವಿನ ಮಾತ್ರೆಗಳ ಹಗರಣದ ನಂತರ ಟಫ್ಟ್ಸ್ ವಿಶ್ವವಿದ್ಯಾಲಯ 2019ರಲ್ಲಿ ತನ್ನ ಮೆಡಿಕಲ್ ಕ್ಯಾಂಪಸ್‌ನಿಂದ, ಅಂಥ ಮಾತ್ರೆ ಮಾರಿದ ಕಂಪನಿಯ ಒಡೆಯರಾದ ಸ್ಯಾಕ್ಲರ್ ಕುಟುಂಬದ ಹೆಸರನ್ನು ಕಿತ್ತುಹಾಕಬೇಕಾಯಿತು.

ಷರತ್ತಿಗೆ ಬೆಲೆ ಇಲ್ಲದಿಲ್ಲ. ಕಾಲೇಜು ಮುಂದೆ ಯಾವತ್ತೂ ತನ್ನ ಹೆಸರನ್ನು ಮತ್ತೊಬ್ಬ ದಾನಿಗೆ ಕೊಡುವಂತಿಲ್ಲ. ದೊಡ್ಡ ದೇಣಿಗೆಯ ಪೆಟ್ಟಿಗೆಯಲ್ಲಿ ಅತಿ ಬೆಲೆಬಾಳುವ ವಸ್ತು ಅದೇ. ಒಪ್ಪಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಆದರೆ ಸುಮ್ನೆ ಸಿಕ್ಕಿದ್ದಲ್ಲ ಎಂಬುದು ಲೆಕ್ಕದಲ್ಲಿರಲಿ.

ಮುಳ್ಳಿನ ಜಾಗ

ಕೋವಿಡ್ ದಿನಗಳ ಭಾಗ ಓದುವಾಗ ಕಸಿವಿಸಿಯಾಗದಿದ್ದರೆ ನಾವು ಸರಿಯಾಗಿ ಓದಿಲ್ಲ. 2020ರ ವಸಂತದಲ್ಲಿ ಬ್ರಾಂಕ್ಸ್‌ನ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದವು. ಆಗ ಆಸ್ಪತ್ರೆ ಸಮೂಹದ ಮುಖ್ಯಸ್ಥರೇ ಶ್ರೀಮಂತ ದಂಪತಿಯ ಮನೆಗೆ ದಿನಾ ಹೋಗುತ್ತಿದ್ದರು. ಸ್ನೇಹದಿಂದಲೇ ಹೋಗಿರಬಹುದು. ದುಡ್ಡಿನ ಮಾತು ಬಂದದ್ದು ಮೂರೂವರೆ ವರ್ಷದ ನಂತರ, ಅದೂ ಆಕೆಯ ಕಡೆಯಿಂದ. ಆದರೂ ಬೇರೆ ಸಂಸ್ಥೆ ಇದನ್ನು ಮಾದರಿ ಎಂದು ಎತ್ತಿಕೊಂಡರೆ ಅಪಾಯ. ವೈದ್ಯರು ತಮ್ಮ ರೋಗಿಯ ಹತ್ತಿರ ನೇರವಾಗಿ ದೇಣಿಗೆ ಕೇಳಬಾರದು, ಅದರಲ್ಲೂ ಚಿಕಿತ್ಸೆಯ ಹೊತ್ತಿನಲ್ಲಿ ಕೇಳಲೇಬಾರದು ಎಂಬುದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ನೀತಿಸಂಹಿತೆಯ ನಿಲುವು. 2013ರಲ್ಲಿ ತಿದ್ದಿದ ಅಮೆರಿಕದ ಖಾಸಗಿತನದ ನಿಯಮ, ರೋಗಿ ಯಾವ ವಿಭಾಗದಲ್ಲಿ, ಯಾವ ಡಾಕ್ಟರ ಹತ್ತಿರ ಚಿಕಿತ್ಸೆ ಪಡೆದರು ಎಂಬ ಮಾಹಿತಿಯನ್ನು ದೇಣಿಗೆ ವಿಭಾಗಕ್ಕೆ ಬಳಸಲು ಬಿಡುತ್ತದೆ, ಬೇಡ ಎನ್ನುವ ಹಕ್ಕನ್ನು ರೋಗಿಗೆ ಕೊಟ್ಟು. ಕಾನೂನು ಬಿಟ್ಟಿದೆ ಎಂದಮಾತ್ರಕ್ಕೆ ಹಾಸಿಗೆಯ ಪಕ್ಕ ನಿಂತು ಲೆಕ್ಕ ಹಾಕುವುದು ಸರಿಯಾಗುವುದಿಲ್ಲ.

ಎರಡನೆಯ ಮುಳ್ಳು ಫಲಿತಾಂಶದ್ದು. ಫೀಸು ತೆಗೆದರೆ ಬಡವರ ಮಕ್ಕಳು ಬರುತ್ತಾರೆ ಎಂಬುದು ಆಸೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು 2018ರ ಆಗಸ್ಟ್‌ನಲ್ಲೇ ಎಲ್ಲರಿಗೂ ಫೀಸು ತೆಗೆದಿತ್ತು. ಅರ್ಜಿಗಳು ಒಮ್ಮೆಲೇ ಏರಿದವು. ಪೈಪೋಟಿ ಹೆಚ್ಚಿ, ಮೊದಲ ವರ್ಷಗಳಲ್ಲಿ ಕಡಿಮೆ ಆದಾಯದ ಮನೆಗಳಿಂದ ಬಂದವರ ಪಾಲು ಏರುವ ಬದಲು ಇಳಿಯಿತು. ಐನ್‌ಸ್ಟೈನ್ ಕಾಲೇಜಿಗೆ ದೇಣಿಗೆ ಬರುವ ಹೊತ್ತಿಗೆ ಈ ಉದಾಹರಣೆ ಕಣ್ಣೆದುರೇ ಇತ್ತು. 2024ರ ಜುಲೈನಲ್ಲಿ ನ್ಯೂಯಾರ್ಕಿನ ಮಾಜಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಡೆಯಿಂದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಅಷ್ಟೇ ಮೊತ್ತ ಬಂದಾಗ ಅಲ್ಲಿ ಬೇರೆ ದಾರಿ ಹಿಡಿದರು. ವರ್ಷಕ್ಕೆ 3 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ ಮನೆಯವರಿಗೆ ಟ್ಯೂಷನ್ ಇಲ್ಲ, 1.75 ಲಕ್ಷದವರೆಗಿನವರಿಗೆ ಊಟ ವಸತಿಯ ಖರ್ಚೂ ಸೇರಿ. ಬಡವರನ್ನು ತಲುಪುವುದೇ ಗುರಿಯಾದರೆ ಹಾಪ್ಕಿನ್ಸ್‌ನದು ಜಾಣ ವಿನ್ಯಾಸ. ಐನ್‌ಸ್ಟೈನ್‌ನದು ಸರಳ, ಒಂದೇ ವಾಕ್ಯದಲ್ಲಿ ಹೇಳಬಹುದು, ದಾನಿಯ ಮನಸ್ಸಿನಲ್ಲಿದ್ದದ್ದೂ ಅದೇ. ದಾನಿಯ ಆಸೆಗೆ ಎದುರಾಡಿ ವಿನ್ಯಾಸ ಬದಲಿಸಿ ಎನ್ನುವ ಧೈರ್ಯ ಎಷ್ಟು ಮುಖ್ಯಸ್ಥರಿಗಿದೆ ಎಂಬುದು ಬೇರೆಯೇ ಚರ್ಚೆ.

ಬೇರೆಯವರು ಎತ್ತಿಕೊಳ್ಳಬಹುದಾದದ್ದು

ಒಬ್ಬರೇ ದಾನಿಯನ್ನು ಕಾಯುವುದು ಯೋಜನೆಯಲ್ಲ. ಆ ಮಟ್ಟಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ದಾರಿ ಹೆಚ್ಚು ಜನರಿಗೆ ಉಪಯೋಗ. ಅವರು 60 ಕೋಟಿ ಡಾಲರ್ ಬೇಕು ಎಂದು ಮೊದಲೇ ಲೆಕ್ಕ ಹಾಕಿ, ವರ್ಷಗಟ್ಟಲೆ ಹಲವರಿಂದ ಕೂಡಿಸುತ್ತಾ ಹೋದರು. ಘೋಷಣೆಯ ದಿನಕ್ಕೆ 45 ಕೋಟಿ ಬಂದಿತ್ತು, ಅದರಲ್ಲಿ 10 ಕೋಟಿ ಮಂಡಳಿಯ ಅಧ್ಯಕ್ಷ ಕೆನೆತ್ ಲ್ಯಾಂಗೋನ್ ಮತ್ತು ಅವರ ಪತ್ನಿಯದು. ಅಲ್ಲೂ ಅಧ್ಯಕ್ಷರೇ, ನೋಡಿ. ಹೊರಗಿನ ಶ್ರೀಮಂತರ ಪಟ್ಟಿ ಮಾಡಿ ಬಾಗಿಲು ತಟ್ಟುವುದಕ್ಕಿಂತ, ಒಳಗೆ ಮೇಜಿನ ಸುತ್ತ ಕೂತವರಿಗೆ ನಿಜವಾದ ಕೆಲಸ ಕೊಡುವುದು ಎರಡೂ ಕಡೆ ಫಲ ಕೊಟ್ಟಿದೆ.

ಐನ್‌ಸ್ಟೈನ್‌ನ ದೇಣಿಗೆ ವಿಭಾಗಕ್ಕೆ ಈಗ ಹೊಸ ತಲೆನೋವು. ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿ 500 ಡಾಲರ್ ಕೊಡಿ ಎಂದರೆ, 'ನಿಮಗೆ ಇನ್ನೂ ಯಾಕೆ ದುಡ್ಡು?' ಎಂಬ ಪ್ರಶ್ನೆ ಬರುವುದು ಖಂಡಿತ. ಉತ್ತರ ಇದೆ. ಟ್ಯೂಷನ್ ಹೋಗಿದೆ, ನ್ಯೂಯಾರ್ಕಿನ ಬಾಡಿಗೆ ಹೋಗಿಲ್ಲ, ಅದಕ್ಕಾಗಿ ಸಾಲ ಮಾಡುವವರು ಇನ್ನೂ ಇದ್ದಾರೆ. ಪ್ರಯೋಗಾಲಯಕ್ಕೆ ಈ ನಿಧಿಯಿಂದ ಹಣ ಬರುವುದಿಲ್ಲ. ಡಿಸೆಂಬರ್‌ನಲ್ಲಿ ಹೇಳದೆ ಉಳಿದ ಎರಡು ಐಡಿಯಾಗಳಿಗೂ ಯಾರಾದರೂ ಬೇಕು. ಜೊತೆಗೆ 2024ರ ನಂತರ ಟ್ಯೂಷನ್ ಸಾಲವಿಲ್ಲದೆ ಹೊರಬರುವ ಡಾಕ್ಟರುಗಳು ಹತ್ತು ಹದಿನೈದು ವರ್ಷದಲ್ಲಿ ಕೊಡುವ ಸ್ಥಿತಿಗೆ ಬರುತ್ತಾರೆ. ಅವರ ವಿಳಾಸ, ಅವರ ಜೊತೆಗಿನ ಮಾತು, ಅವರನ್ನು ಕೂರಿಸುವ ಸಮಿತಿ, ಇವನ್ನೆಲ್ಲ ವಿಭಾಗ ಈಗಿನಿಂದಲೇ ಇಟ್ಟುಕೊಳ್ಳಬೇಕು.